ಗಿಟಾರಿನ ದನಿ ಯಾವ ಮರದ್ದು?

ವಾದ್ಯ ಕೊಳ್ಳಲು ಹೊರಟವರು ಮೊದಲು ಕೇಳುವುದು ಬೆಲೆಯನ್ನು. ಅದರ ಬೆನ್ನಿಗೇ ಕೇಳುವುದು ಮರವನ್ನು. ವೀಣೆಯ ಮುಂದೆ ನಿಂತವರು ‘ಹಲಸಿನದೇ?’ ಎನ್ನುತ್ತಾರೆ, ಗಿಟಾರಿನ ಮುಂದೆ ನಿಂತವರು ‘ಬೀಟೆಯದೇ?’ ಎನ್ನುತ್ತಾರೆ. ಹೌದೆಂದರೆ ಮುಖ ಅರಳುವುದು. ಅಲ್ಲವೆಂದರೆ ಚಾಚಿದ ಕೈ ಹಿಂದೆ ಸರಿಯುವುದು. ದನಿಯನ್ನು ಕೇಳಿ ನೋಡುವುದಕ್ಕೆ ಮುಂಚೆಯೇ ಅರ್ಧ ತೀರ್ಪು ಆಗಿಹೋಗಿರುತ್ತದೆ.

ಕಾರವಾರದಂಥ ಊರಿನಲ್ಲಿ ಈ ಪ್ರಶ್ನೆಗೆ ಇಮ್ಮಡಿ ಮಹತ್ವವುಂಟು. ಮಾಜಾಳಿಯನ್ನು ದಾಟಿದರೆ ಗೋವೆ. ಅಲ್ಲಿ ಪೋರ್ತುಗೀಸರ ಆಳ್ವಿಕೆ 1961ರವರೆಗೂ ನಡೆಯಿತು. ಅವರ ಸಂಗಡ ಬಂದ ಪಿಟೀಲು, ಗಿಟಾರುಗಳು ಕೊಂಕಣಿಯ ಮಾಂಡೋ ಹಾಡಿಗೆ ಜೊತೆಯಾಗಿ ಆ ನಾಡಿನವೇ ಆಗಿಹೋದವು. ಆ ಗಾಳಿ ಕಾಳಿ ನದಿಯ ಈಚೆಗೂ ಬೀಸಿದೆ. ಇಗರ್ಜಿಯ ಹಬ್ಬ, ಮದುವೆಯ ಚಪ್ಪರ, ಕಾಲೇಜಿನ ವಾರ್ಷಿಕೋತ್ಸವ, ಎಲ್ಲಿಯೂ ಗಿಟಾರು ಇಂದು ಪರಕೀಯ ವಸ್ತುವಲ್ಲ. ಇನ್ನು ಊರಿನ ಬೆನ್ನಿಗೆ ನೋಡಿದರೆ ಸಹ್ಯಾದ್ರಿ. ಆ ಶ್ರೇಣಿಯ ಬೀಟೆಯೇ ಈಗ ಅರ್ಧ ಶತಮಾನಕ್ಕೂ ಮಿಕ್ಕಿ ಹೆಸರಾಂತ ಗಿಟಾರುಗಳ ಬೆನ್ನಹಲಗೆಯಾಗಿ ಕಡಲಾಚೆಗೆ ಹೋಗಿದೆ.

ವಾದ್ಯವೂ ಹತ್ತಿರದ್ದು, ಮರವೂ ಹತ್ತಿರದ್ದು. ಆದುದರಿಂದ ಬೀಟೆಯ ಕೀರ್ತಿಯಲ್ಲಿ ದನಿಯ ಪಾಲೆಷ್ಟು, ಹೆಸರಿನ ಪಾಲೆಷ್ಟು ಎಂಬುದನ್ನು ಅಳೆದು ನೋಡುವುದು ಈ ಕರಾವಳಿಯವರಿಗೆ ಸಲ್ಲುವ ಕೆಲಸ. ಆ ಅಳತೆಯ ಮೇಲೆ ಒಂದು ಸಂಸಾರದ ಉಳಿತಾಯವೂ ನಿಂತಿದೆ; ಕಾಡಿನ ಒಂದು ಹಿರಿಯ ಮರವೂ ನಿಂತಿದೆ.

ಪೆಟ್ಟಿಗೆಯೊಳಗಿನ ವ್ಯವಹಾರ

ಗಿಟಾರಿಗೆ ಆರು ತಂತಿ. ಎಲ್ಲಕ್ಕಿಂತ ದಪ್ಪನೆಯದು ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ಎಲ್ಲಕ್ಕಿಂತ ತೆಳ್ಳನೆಯದು ಸುಮಾರು 330 ಬಾರಿ. ಆದರೆ ಬರಿಯ ತಂತಿಯ ಸದ್ದು ಕೋಣೆಯ ಆಚೆ ಬದಿಗೂ ಮುಟ್ಟದು. ತಂತಿ ಗಾಳಿಯನ್ನು ಸೀಳಿಕೊಂಡು ಹೋಗುವುದೇ ಹೊರತು ಅದನ್ನು ತಳ್ಳಲಾರದು. ಗಾಳಿಯನ್ನು ತಳ್ಳಲು ಅಗಲವಾದ ಹಲಗೆ ಬೇಕು. ತಂತಿಯ ಕಂಪನವನ್ನು ಕುದುರೆಯು ಮೇಲ್ಹಲಗೆಗೆ ಒಪ್ಪಿಸುತ್ತದೆ. ಮೇಲ್ಹಲಗೆ ಅಲುಗಿ ಗಾಳಿಯನ್ನು ಅಲುಗಿಸುತ್ತದೆ. ಆಗ ನಮ್ಮ ಕಿವಿಗೆ ದನಿ.

ಈ ಮೇಲ್ಹಲಗೆಯ ದಪ್ಪ ಸುಮಾರು ಮೂರು ಮಿಲಿಮೀಟರು. ಉಕ್ಕಿನ ಆರು ತಂತಿಗಳು ಸೇರಿ ಎಳೆಯುವ ಬಲವೋ, ಎಪ್ಪತ್ತು ಕಿಲೋ ತೂಕವನ್ನು ತೂಗುಹಾಕಿದುದಕ್ಕೆ ಸಮ. ಅಷ್ಟನ್ನು ತಡೆದು ನಿಲ್ಲುವ ಗಟ್ಟಿತನವೂ ಬೇಕು, ಬೆರಳ ತುದಿಯ ಮೀಟಿಗೆ ಅಲುಗುವ ಹಗುರತನವೂ ಬೇಕು. ಒಂದಕ್ಕೊಂದು ಹೊಂದದ ಈ ಎರಡು ಗುಣಗಳು ಒಂದೇ ಹಲಗೆಯಲ್ಲಿ ಕೂಡಿಬರುವುದು ಶೀತದೇಶದ ಸ್ಪ್ರೂಸ್ ಮರದಲ್ಲಿ. ಅದು ದೇವದಾರು, ಪೈನ್ ಮರಗಳ ಬಳಗದ್ದು. ಬಣ್ಣದಲ್ಲಿ ಹಾಲಿನ ಕೆನೆಯಂತೆ. ಎಳೆಗಳು ಬಾಚಿದ ಕೂದಲಿನಂತೆ ನೇರ. ಒಂದು ಘನಮೀಟರು ಸ್ಪ್ರೂಸ್ ಸುಮಾರು 400ರಿಂದ 450 ಕಿಲೋ ತೂಗುತ್ತದೆ. ಅಷ್ಟೇ ಗಾತ್ರದ ಬೀಟೆ 800 ಕಿಲೋ ದಾಟುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುವ ಶಬ್ದ, ಸ್ಪ್ರೂಸಿನ ಎಳೆಗುಂಟ ಐದು ಸಾವಿರ ಮೀಟರು ಸಾಗುತ್ತದೆ. ಹಗುರವೂ ಬಿಗಿಯೂ ಆದ ಇಂಥ ಮರ ಇನ್ನೊಂದು ದುರ್ಲಭ. ಪಿಟೀಲು, ಪಿಯಾನೋಗಳ ನಾದದ ಹಲಗೆಯೂ ಇದೇ.

ಬೆನ್ನು ಮತ್ತು ಪಕ್ಕಗಳ ಕೆಲಸ ಬೇರೆ. ಗಾಳಿಯನ್ನು ಒಳಗೆ ಹಿಡಿದಿಡುವ ಗೋಡೆಗಳು ಅವು. ಗೋಡೆ ಭಾರವಾಗಿ, ನುಣುಪಾಗಿ, ಗಟ್ಟಿಯಾಗಿದ್ದರೆ ಮೇಲ್ಹಲಗೆಯ ಶಕ್ತಿ ವ್ಯರ್ಥವಾಗದು. ಮೆದುವಾಗಿದ್ದರೆ ಸ್ವಲ್ಪ ಶಕ್ತಿಯನ್ನು ತಾನೇ ನುಂಗಿಬಿಡುವುದು. ಬೀಟೆಯನ್ನು ಹೊಗಳುವುದು ಇದಕ್ಕಾಗಿಯೇ.

ಒಳಗಿನ ಗಾಳಿಯ ಪಾಲನ್ನು ತಿಳಿಯಬೇಕಾದರೆ ಅಂಕೋಲೆಯ ಹಳ್ಳಿಗಳ ಗುಮಟೆಯನ್ನು ನೆನೆದರೆ ಸಾಕು. ಗುಮಟೆಯೆಂದರೆ ಎರಡು ಬಾಯಿಯ ಮಣ್ಣಿನ ಕೊಡ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ. ಚಿಕ್ಕ ಬಾಯಿ ತೆರೆದಿರುತ್ತದೆ. ಒಂದು ಕೈ ಚರ್ಮದ ಮೇಲೆ ಬಡಿಯುತ್ತಿರುವಾಗ ಇನ್ನೊಂದು ಅಂಗೈ ಚಿಕ್ಕ ಬಾಯಿಯನ್ನು ಮುಚ್ಚುತ್ತ ತೆರೆಯುತ್ತ ಇರುತ್ತದೆ. ಅದರಂತೆ ದನಿ ಏರುತ್ತದೆ, ಇಳಿಯುತ್ತದೆ. ಗಿಟಾರಿನ ನಡುವಿನ ದುಂಡು ರಂಧ್ರದ ತತ್ತ್ವವೂ ಇದೇ. ಒಳಗಿನ ಗಾಳಿ ಆ ಬಾಯಿಯ ಮೂಲಕ ಉಸಿರಾಡುತ್ತದೆ. ಸೆಕೆಂಡಿಗೆ ನೂರು ಕಂಪನಗಳ ಆಸುಪಾಸಿನಲ್ಲಿ ಆ ಉಸಿರು ಬಲಗೊಂಡು ಮಂದ್ರದ ಸ್ವರಗಳಿಗೆ ತುಂಬು ಕೊಡುತ್ತದೆ. ಪೆಟ್ಟಿಗೆ ಎಷ್ಟು ದೊಡ್ಡದು, ರಂಧ್ರ ಎಷ್ಟು ಅಗಲ ಎಂಬುದು ಇಲ್ಲಿ ಮುಖ್ಯ. ಬೆನ್ನು ಬೀಟೆಯದೋ ಮಹಾಗನಿಯದೋ ಎಂಬುದು ಒಳಗಿನ ಗಾಳಿಗೆ ಅಷ್ಟಾಗಿ ತಿಳಿಯದು.

ಹಳೆಯ ಮಾದರಿಯ ಮೋಹ

ಇಂದು ಅಂಗಡಿಗಳಲ್ಲಿ ‘ಹಳೆಯ ಮಾದರಿ’ ಎಂಬ ಹೆಸರಿನ ಗಿಟಾರುಗಳಿಗೆ ಬೇಡಿಕೆ ಹೆಚ್ಚು. ಹಳೆಯ ಮಾದರಿಯೆಂದರೆ ಬಹುಮಟ್ಟಿಗೆ ಅಮೆರಿಕದಲ್ಲಿ 1930ರ ದಶಕದಲ್ಲಿ ತಯಾರಾದ ವಾದ್ಯಗಳ ಅನುಕರಣ. ಆ ಕಥೆಯ ನಾಯಕಸ್ಥಾನದಲ್ಲಿರುವುದು ಮಾರ್ಟಿನ್ ಕಂಪನಿ. ಜರ್ಮನಿಯಿಂದ ವಲಸೆ ಬಂದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1833ರಲ್ಲಿ ನ್ಯೂಯಾರ್ಕಿನಲ್ಲಿ ಅದನ್ನು ತೆರೆದನು. ಅಗಲ ಸೊಂಟದ ದೊಡ್ಡ ಗಿಟಾರನ್ನು ಆ ಕಂಪನಿ 1931ರಿಂದ ತನ್ನ ಹೆಸರಿನಲ್ಲೇ ಮಾರತೊಡಗಿತು. ಅದರ ಹೆಸರು ‘ಡ್ರೆಡ್‌ನಾಟ್’. 1906ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆಯೊಂದರ ಹೆಸರು ಅದು. ಕಡಲತೀರದಲ್ಲಿ ‘ಚಾಪಲ್’ ನೌಕೆಯ ಸಂಗ್ರಹಾಲಯವನ್ನು ಕಂಡ ಕಾರವಾರದ ಮಕ್ಕಳಿಗೆ, ಗಿಟಾರಿಗೂ ಯುದ್ಧನೌಕೆಗೂ ಇರುವ ಈ ನಂಟು ತಮಾಷೆಯೆನಿಸಬಹುದು.

ಆ ಮಾದರಿಯಲ್ಲಿ ಎರಡು ಪ್ರಸಿದ್ಧ ಬಗೆಗಳು. ಡಿ-18 ಎಂಬುದರ ಬೆನ್ನು, ಪಕ್ಕಗಳು ಮಹಾಗನಿಯವು. ಡಿ-28 ಎಂಬುದರವು ಬೀಟೆಯವು. ಎರಡಕ್ಕೂ ಮೇಲ್ಹಲಗೆ ಸ್ಪ್ರೂಸಿನದೇ. ವಾದಕರು ಇವುಗಳ ದನಿಯನ್ನು ಬೇರೆಬೇರೆಯಾಗಿ ಬಣ್ಣಿಸುತ್ತಾರೆ. ಬೀಟೆಯ ಬೆನ್ನಿನದಕ್ಕೆ ಮಂದ್ರ ಗಂಭೀರ, ತಾರ ಖಣಿಲು, ಮೀಟಿದ ಮೇಲೆ ನಾದದ ಬಾಲ ಉದ್ದ, ಸ್ವರದ ಸುತ್ತ ಅನುರಣನದ ಪ್ರಭಾವಳಿ. ಮಹಾಗನಿಯದಕ್ಕೆ ಮಧ್ಯದ ಸ್ವರಗಳು ಮುಂದೆ. ದನಿ ಒಣದು, ನೇರ. ಒಂದು ಸ್ವರ ಮುಗಿದ ಮೇಲೆ ಇನ್ನೊಂದಕ್ಕೆ ದಾರಿ ಬಿಡುವಂಥದು. ಹೀಗಾಗಿ ಒಬ್ಬನೇ ಕುಳಿತು ಬಾರಿಸಲು ಬೀಟೆ, ಹಾಡುವವರ ಜೊತೆಗೆ ಬಾರಿಸಲು ಮಹಾಗನಿ ಎಂದು ಹಲವರ ಅಭಿಮತ. ಮೇಪಲ್ ಮರದ ಬೆನ್ನಿನದಂತೂ ಇನ್ನೂ ಚುಟುಕು ದನಿಯದು; ಹತ್ತು ಮಂದಿಯ ಮೇಳದಲ್ಲಿಯೂ ಬೇರೆಯಾಗಿ ಕೇಳುವುದೆನ್ನುತ್ತಾರೆ. ಮೇಲ್ಹಲಗೆಗೆ ಸ್ಪ್ರೂಸಿನ ಬದಲು ಸೀಡರ್ ಮರವನ್ನು ಹಾಕಿದರೆ ಮೆಲ್ಲನೆಯ ಬೆರಳಿಗೂ ದನಿ ಕೂಡಲೇ ಓಗೊಡುತ್ತದೆ. ಜೋರಾಗಿ ಬಾರಿಸಿದರೆ ಬೇಗ ಬಳಲುತ್ತದೆ.

ಈ ವರ್ಣನೆಗಳಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ 1930ರ ದಶಕದ ವಾದ್ಯಗಳ ಸೊಗಸಿಗೆ ಕಾರಣಗಳನ್ನು ಹುಡುಕಿದರೆ ಬೆನ್ನಹಲಗೆ ಮೊದಲನೆಯ ಸಾಲಿನಲ್ಲಿ ನಿಲ್ಲುವುದಿಲ್ಲ. ಮೇಲ್ಹಲಗೆಯ ಒಳಮೈಗೆ ಅಂಟಿಸಿದ ಮರದ ಪಟ್ಟಿಗಳನ್ನು ಅಂದಿನ ಕುಶಲಕರ್ಮಿಗಳು ನಡುವೆ ಕೆತ್ತಿ ತೆಳುಗೊಳಿಸುತ್ತಿದ್ದರು. ಹಲಗೆ ಸ್ವಚ್ಛಂದವಾಗಿ ಅಲುಗುತ್ತಿತ್ತು. ದಪ್ಪ ತಂತಿಗಳ ಬಳಕೆ ಹೆಚ್ಚಿ, ಆ ಎಳೆತ ತಾಳದ ವಾದ್ಯಗಳು ದುರಸ್ತಿಗೆ ಬರತೊಡಗಿದಾಗ 1944ರಲ್ಲಿ ಆ ಕೆತ್ತನೆಯನ್ನು ನಿಲ್ಲಿಸಿದರು. ಇನ್ನು ಮರ ಮುದಿಯಾದಂತೆ ಒಣಗಿ ಹಗುರವಾಗುವುದುಂಟು. ಇಂದಿನ ತಯಾರಕರು ಹೊಸ ಹಲಗೆಯನ್ನು ಆಮ್ಲಜನಕ ಸೋಕದ ಒಲೆಯಲ್ಲಿ ಕಾಯಿಸಿ ಆ ಮುಪ್ಪನ್ನು ಕೃತಕವಾಗಿ ತರುತ್ತಾರೆ. ಹಳೆಯ ದನಿಯ ರಹಸ್ಯವೆಲ್ಲ ಹೀಗೆ ಹೆಚ್ಚಾಗಿ ಮೇಲ್ಹಲಗೆಯ ಬಳಿಯೇ ಸುತ್ತುತ್ತದೆ.

ಕಾನಡಾ ಜಿಲ್ಲೆಯ ಕರಿಮರ

ಬೀಟೆ ಗಿಟಾರಿಗೆ ಸೇರುವ ಮೊದಲೇ ಹೆಸರಾಗಿತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ, ಕಾರವಾರ ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ಆಂಗ್ಲರ ಕಣ್ಣು ಇಲ್ಲಿಯ ಕಾಡಿನ ಮೇಲೆ. ತೇಗ ಹಡಗಿಗೆ, ಬೀಟೆ ಬಂಗಲೆಗೆ. ಅವರು ಬೀಟೆಯನ್ನು ‘ಬ್ಲ್ಯಾಕ್‌ವುಡ್’ ಎಂದರು. ಮರಾಠಿಯ ಮನೆಗಳಲ್ಲಿ ಅದು ‘ಶಿಸವಿ’. ಮುಂಬಯಿಯಲ್ಲಿ ಕೆತ್ತಿದ ಬೀಟೆಯ ಮಂಚ, ಕುರ್ಚಿ, ಮೇಜುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಶ್ರೀಮಂತಿಕೆಯ ಕುರುಹಾಗಿದ್ದವು. ಮೈಸೂರಿನಲ್ಲಿ ಅದೇ ಮರದ ಮೇಲೆ ಬಣ್ಣಬಣ್ಣದ ತುಣುಕುಗಳನ್ನು ಕೂರಿಸುವ ಕುಸುರಿ ಬೆಳೆಯಿತು. ತೇಗ, ಬೀಟೆ, ಶ್ರೀಗಂಧ ಮೂರೂ ಸರಕಾರದ ಮರಗಳೆನಿಸಿ, ರೈತನ ಕೊಡಲಿಗೆ ಅವು ದೂರವಾದವು. ಇಂದಿಗೂ ಸ್ವಂತ ಜಮೀನಿನಲ್ಲಿ ಬೆಳೆದ ಬೀಟೆಯನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ.

ಗಿಟಾರಿನ ಲೋಕದಲ್ಲಿ ಮಾತ್ರ ಬಹುಕಾಲ ನಮ್ಮ ಬೀಟೆಗೆ ಸ್ಥಾನವಿರಲಿಲ್ಲ. ಅಲ್ಲಿ ಬೀಟೆಯೆಂದರೆ ಬ್ರೆಜಿಲ್ ದೇಶದ್ದು. ಕಡಿದು ಕಡಿದು ಅದು ವಿರಳವಾಯಿತು. 1960ರ ದಶಕದ ಕೊನೆಯಲ್ಲಿ ಬ್ರೆಜಿಲ್ ಸರಕಾರ ದಿಮ್ಮಿಗಳ ರಫ್ತಿಗೆ ತಡೆಯೊಡ್ಡಿತು. ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಯ ಕಡೆಗೆ ತಿರುಗಿತು. 1992ರಲ್ಲಿ ಬ್ರೆಜಿಲ್ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರವನ್ನೇ ಹೆಚ್ಚುಕಡಿಮೆ ನಿಲ್ಲಿಸಲಾಯಿತು. ಅಂದಿನಿಂದ ಸಹ್ಯಾದ್ರಿಯ ಮರವೇ ಆ ಪೀಠದಲ್ಲಿ ಕುಳಿತಿದೆ.

ಹಳೆಯ ಮಾದರಿಯ ಗಿಟಾರಿನ ಮರಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ನೋಡಿದರೆ ಒಂದು ಸಂಗತಿ ಮನಸ್ಸನ್ನು ಕಲಕುತ್ತದೆ. ಅಮೆರಿಕದ ಪೂರ್ವ ಭಾಗದ ಕೆಂಪು ಸ್ಪ್ರೂಸ್ ದೊಡ್ಡ ಗಾತ್ರದಲ್ಲಿ ಸಿಗದಾಗಿ 1940ರ ದಶಕದಲ್ಲಿ ಅದನ್ನು ಕೈಬಿಟ್ಟರು. ಬ್ರೆಜಿಲ್ ಬೀಟೆ 1960ರ ದಶಕದಲ್ಲಿ ಕೈತಪ್ಪಿತು. ಮಧ್ಯ ಅಮೆರಿಕದ ಮಹಾಗನಿಯ ವ್ಯಾಪಾರದ ಮೇಲೆ 2003ರಲ್ಲಿ ನಿಯಂತ್ರಣ ಬಂತು. ‘ಅಪರೂಪದ ಹಳೆಯ ದನಿ’ ಎಂದು ಬೆಲೆ ಕಟ್ಟುವಾಗ, ಬರಿದಾದ ಕಾಡುಗಳ ಲೆಕ್ಕವೂ ಆ ಬೆಲೆಯೊಳಗೆ ಸೇರಿಹೋಗಿರುತ್ತದೆ. ಆ ಪಟ್ಟಿಯ ಕೊನೆಯ ಸಾಲಿನಲ್ಲಿ ಇಂದು ನಿಂತಿರುವುದು ನಮ್ಮ ಬೀಟೆ.

ಕಿವಿಗೆ ಒಡ್ಡಿದ ಪರೀಕ್ಷೆ

ಹಾಗಾದರೆ ಬೆನ್ನಿನ ಮರದಿಂದ ದನಿಗೆ ಒದಗುವುದೇನು? ಈ ಪ್ರಶ್ನೆಯನ್ನು ಕೇಳಿದವರಲ್ಲಿ ಮೊದಲಿಗನೆನ್ನಬೇಕಾದವನು ಸ್ಪೇನ್ ದೇಶದ ಅಂತೋನಿಯೋ ದೆ ತೋರೆಸ್. ಇಂದಿನ ಗಿಟಾರಿನ ಆಕಾರಕ್ಕೆ ಅವನೇ ಮೂಲಪುರುಷ. ಮೇಲ್ಹಲಗೆಯೇ ದನಿಯ ಪ್ರಾಣವೆಂದು ಅವನ ನಂಬಿಕೆ. ಅದನ್ನು ತೋರಿಸಿಕೊಡಲು 1862ರಲ್ಲಿ ಅವನೊಂದು ವಿಚಿತ್ರ ಗಿಟಾರನ್ನು ಮಾಡಿದನು. ಮೇಲ್ಹಲಗೆ ಉತ್ತಮ ಸ್ಪ್ರೂಸಿನದು. ಬೆನ್ನೂ ಪಕ್ಕಗಳೂ ಕಾಗದದ ರಟ್ಟಿನವು! ಕಾರವಾರ ಜಿಲ್ಲೆಯ ಪಟ್ಟಣವಾದ ವರ್ಷವೇ ಹುಟ್ಟಿದ ಆ ವಾದ್ಯ ಇಂದಿಗೂ ಬಾರ್ಸೆಲೋನಾದ ಸಂಗೀತ ಸಂಗ್ರಹಾಲಯದಲ್ಲಿದೆ.

ಒಬ್ಬನ ನಂಬಿಕೆ ವಿಜ್ಞಾನವಾಗದೆಂದು ಹೇಳುವವರಿಗೆ ಇತ್ತೀಚಿನ ಪ್ರಯೋಗವೊಂದುಂಟು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ನುರಿತ ತಯಾರಕನೊಬ್ಬನಿಂದ ಆರು ಗಿಟಾರುಗಳನ್ನು ಮಾಡಿಸಿದರು. ಆಕಾರ, ಅಳತೆ, ಕಟ್ಟೋಣ ಎಲ್ಲ ಒಂದೇ; ಬೆನ್ನು ಪಕ್ಕಗಳ ಮರ ಮಾತ್ರ ಬೇರೆ. ಒಂದು ಬ್ರೆಜಿಲ್ ಬೀಟೆ, ಒಂದು ಭಾರತದ ಬೀಟೆ, ಉಳಿದವು ಮಹಾಗನಿ, ಮೇಪಲ್, ಸಪೇಲಿ ಮತ್ತು ವಾಲ್‌ನಟ್. ಐವತ್ತೆರಡು ಮಂದಿ ಗಿಟಾರು ವಾದಕರು ಮಂದ ಬೆಳಕಿನಲ್ಲಿ, ಬೆಸುಗೆಯವರು ತೊಡುವ ಕಪ್ಪು ಕನ್ನಡಕ ಧರಿಸಿ, ಒಂದೊಂದನ್ನೂ ಬಾರಿಸಿ ಅಂಕ ಕೊಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ದನಿಯ ಗುಣಕ್ಕೆ ಬಿದ್ದ ಅಂಕಗಳಲ್ಲಿ ಆರಕ್ಕೂ ಹೇಳಿಕೊಳ್ಳುವ ಅಂತರವಿರಲಿಲ್ಲ. ಕಣ್ಣಿಗೆ ಕಾಣದಾದಾಗ ಒಂದರಿಂದ ಇನ್ನೊಂದನ್ನು ಗುರುತಿಸುವುದೇ ಕಷ್ಟವಾಯಿತು. ಅತ್ಯಂತ ದುಬಾರಿಯಾದ ಬ್ರೆಜಿಲ್ ಬೀಟೆಗೂ ಅಗ್ಗದ ಮರಕ್ಕೂ ಕಿವಿ ಒಂದೇ ಬೆಲೆ ಕಟ್ಟಿತು.

ಬೀಟೆಯ ಗಿಟಾರು ಕೆಟ್ಟದ್ದೆಂದು ಇದರ ಅರ್ಥವಲ್ಲ. ಒಂದು ಮರದ ಎರಡು ಹಲಗೆಗಳೂ ಒಂದರಂತೊಂದು ಇರುವುದಿಲ್ಲ. ಅದಲ್ಲದೆ, ದುಬಾರಿ ಮರ ಕೈಗೆ ಬಂದಾಗ ಕುಶಲಕರ್ಮಿ ಹೆಚ್ಚು ಶ್ರದ್ಧೆ ವಹಿಸುವನು. ಒಳ್ಳೆಯ ಮೇಲ್ಹಲಗೆಯನ್ನು ಅದಕ್ಕಾಗಿ ಆರಿಸಿಡುವನು. ಪಟ್ಟಿಗಳನ್ನು ತಾಳ್ಮೆಯಿಂದ ಕೆತ್ತುವನು. ಆಗ ದನಿ ಚೆನ್ನಾಗಿ ಬರುವುದು ಸಹಜ. ಕೆಲಸದ ಕೀರ್ತಿಯೂ ಮರದ ಖಾತೆಗೇ ಜಮೆಯಾಗುವುದು.

ನಮ್ಮ ದೇಶದ ವಾದ್ಯಗಳೂ ಈ ಮಾತಿಗೆ ಸಾಕ್ಷಿ. ಸರ್ ಸಿ. ವಿ. ರಾಮನ್ನರು 1920ರ ದಶಕದ ಆರಂಭದಲ್ಲಿ ವೀಣೆ, ತಂಬೂರಿಗಳನ್ನು ಪರಿಶೀಲಿಸಿದಾಗ ಅವರ ಗಮನವನ್ನು ಸೆಳೆದದ್ದು ಕುದುರೆಯ ರಚನೆ. ತಂತಿ ಚೂಪಾದ ಅಂಚಿನ ಮೇಲೆ ನಿಲ್ಲದೆ ಬಾಗಿದ ಮೈಯನ್ನು ಸವರಿಕೊಂಡು ಹೋಗುವುದರಿಂದಲೇ ಆ ವಾದ್ಯಗಳ ಅನುಸ್ವರಗಳು ಅಷ್ಟು ಸಮೃದ್ಧವೆಂದು ಅವರು ವಿವರಿಸಿದರು. ತಂಬೂರಿಯ ಕುದುರೆಗೂ ತಂತಿಗೂ ನಡುವೆ ಒಂದು ನೂಲೆಳೆ ಸರಿಸಿದರೆ ದನಿ ಜೀವ ತಳೆಯುವುದು ಎಲ್ಲ ಗಾಯಕರಿಗೂ ಗೊತ್ತು. ಒಂದು ನೂಲೆಳೆ ಮಾಡುವ ಕೆಲಸ ಅದು.

ಅಂಕೋಲೆಯ ಕಡೆಯ ಮಾತು

ಅಂಕೋಲೆಗೆ ಆ ಹೆಸರು ಬಂದದ್ದು ಅಂಕೋಲೆಯೆಂಬ ಗಿಡದಿಂದ ಎಂದು ಹೇಳುವರು. ಗಿಡದ ಹೆಸರನ್ನು ಹೊತ್ತ ಆ ತಾಲೂಕಿನ ಹೊನ್ನಳ್ಳಿಯಲ್ಲಿ ತುಳಸಿ ಗೌಡ ಎಂಬ ಹಾಲಕ್ಕಿ ಒಕ್ಕಲಿಗರ ಹೆಂಗಸು ಬಾಳಿದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸಿಪಾಲನಾಕ್ಷೇತ್ರದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದಿನಗೂಲಿಯಾಗಿ ದುಡಿದು, ಆಮೇಲೆ ಖಾಯಂ ಆದವರು. ಕಾಡಿನ ಯಾವ ಮರ ತಾಯಿಮರ, ಅದರ ಬೀಜ ಯಾವಾಗ ಬಲಿಯುತ್ತದೆ, ಯಾವುದನ್ನು ಹೇಗೆ ಮೊಳೆಸಬೇಕು ಎಂಬುದನ್ನು ಪುಸ್ತಕದ ಹಂಗಿಲ್ಲದೆ ಬಲ್ಲವರು. ತೇಗ, ಬೀಟೆ, ಹಲಸು, ನೇರಳೆ ಮೊದಲಾದವುಗಳ ಸಸಿಗಳು ಅವರ ಕೈಯಲ್ಲಿ ಬೆಳೆದವು. 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲಿ ನಡೆದು ಹೋಗಿ ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಿದ ಅವರ ಚಿತ್ರ ದೇಶಕ್ಕೆಲ್ಲ ಪರಿಚಿತ. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು.

ಸಸಿ ನೆಡುವವರಿಗೂ ವಾದ್ಯ ಮಾಡುವವರಿಗೂ ಕಾಲದ ಲೆಕ್ಕ ಬೇರೆಬೇರೆ. ಗಿಟಾರಿನ ಬೆನ್ನನ್ನು ಸಾಮಾನ್ಯವಾಗಿ ಎರಡು ಹೋಳಾಗಿ ಜೋಡಿಸುತ್ತಾರೆ. ಪುಸ್ತಕದ ಎರಡು ಪುಟ ತೆರೆದಂತೆ ಎಡದ ಎಳೆಗಳು ಬಲದ ಎಳೆಗಳಿಗೆ ಕನ್ನಡಿ ಹಿಡಿದಿರುತ್ತವೆ. ಒಂದೊಂದು ಹೋಳು ಸುಮಾರು ಇಪ್ಪತ್ತು ಸೆಂಟಿಮೀಟರು ಅಗಲ. ದಿಮ್ಮಿಯ ನಡುವಿನಿಂದ ಅಂಚಿನ ಕಡೆಗೆ ಕೊಯ್ದು, ತಿರುಳನ್ನೂ ಹೊರಗಿನ ಬಿಳಿಯ ಹಸಿಮರವನ್ನೂ ಬಿಟ್ಟು, ಅಷ್ಟು ಅಗಲದ ಹಲಗೆ ಸಿಗಬೇಕಾದರೆ ಬೀಟೆಯ ಕಾಂಡ ಅರ್ಧ ಮೀಟರಿಗಿಂತ ದಪ್ಪಗಿರಬೇಕು. ಬೀಟೆ ಬಲು ನಿಧಾನವಾಗಿ ಬೆಳೆಯುವ ಮರ. ಆ ಗಾತ್ರಕ್ಕೆ ಅದು ತಲುಪುವಷ್ಟರಲ್ಲಿ ನೆಟ್ಟವರ ಮೊಮ್ಮಕ್ಕಳಿಗೂ ತಲೆ ನರೆತಿರುತ್ತದೆ.

ಈ ನಿಧಾನವನ್ನು ಲೋಕವೂ ಅರಿತಿದೆ. ಬೀಟೆಯ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು 2017ರ ಜನವರಿಯಿಂದ ಪರವಾನಗಿಗೆ ಒಳಪಡಿಸಲಾಯಿತು. ಸಿದ್ಧವಾದ ವಾದ್ಯಗಳಿಗೂ ಅದು ಅನ್ವಯಿಸಿ ತಯಾರಕರು ತೊಂದರೆಗೀಡಾದರು. ಆದುದರಿಂದ 2019ರ ನವೆಂಬರಿನಿಂದ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ವಾದ್ಯಕ್ಕೆ ಖರ್ಚಾಗುವ ಬೀಟೆ ಪೀಠೋಪಕರಣಗಳಿಗೆ ಖರ್ಚಾಗುವುದಕ್ಕಿಂತ ಎಷ್ಟೋ ಕಡಿಮೆ ಎಂಬ ವಾದ ನ್ಯಾಯವಾದದ್ದೇ. ಆದರೂ ಬೀಟೆ ಅಪಾಯದ ಅಂಚಿನಲ್ಲಿರುವ ಮರಗಳ ಪಟ್ಟಿಯಲ್ಲಿಯೇ ಇದೆ.

ಸಾಮಗ್ರಿ ಬದಲಾದರೆ ವಾದ್ಯ ಸಾಯುವುದೇ? ಗುಮಟೆಯನ್ನೇ ಮತ್ತೆ ಕೇಳಬಹುದು. ಹಿಂದೆ ಅದಕ್ಕೆ ಉಡದ ಚರ್ಮವನ್ನೇ ಬಿಗಿಯುತ್ತಿದ್ದರು. ಆ ದನಿ ಬೇರೆ ಚರ್ಮಕ್ಕೆ ಬಾರದೆಂಬ ನಂಬಿಕೆ ಗಟ್ಟಿಯಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಉಡಕ್ಕೆ ರಕ್ಷಣೆ ಕೊಟ್ಟಿತು. ವಾದಕರು ಆಡಿನ ಚರ್ಮಕ್ಕೆ ಕೈ ಹೊಂದಿಸಿಕೊಂಡರು. ಗೋವೆಯ ಸರಕಾರ 2019ರಲ್ಲಿ ಗುಮಟೆಯನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಸಾರಿತು. ಉಡವೂ ಉಳಿಯಿತು, ಗುಮಟೆಯೂ ಉಳಿಯಿತು. ಇನ್ನು ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು, 2017ರಲ್ಲಿ 'ಪದ್ಮಶ್ರೀ' ಪಡೆದು 2025ರ ಫೆಬ್ರವರಿಯಲ್ಲಿ ಕಣ್ಮರೆಯಾದ ಆ ಹಾಡುಗಾರ್ತಿ, ಹಾಲಕ್ಕಿಗಳ ಹಾಡುಗಳನ್ನು ಜೀವಮಾನವಿಡೀ ಹಾಡಿದ್ದು ಯಾವ ದುಬಾರಿ ಮರದ ನೆರವನ್ನೂ ಬೇಡದೆ.

ಬದಲಿ ಮರಗಳಿಗೂ ಈ ನಾಡಿನಲ್ಲಿ ಬರವಿಲ್ಲ. ವೀಣೆಗೂ ಮೃದಂಗಕ್ಕೂ ಹಲಸನ್ನು ಆರಿಸಿದ ಹಿರಿಯರ ಕಿವಿ ಸಾಮಾನ್ಯವಾದುದಲ್ಲ. ಅಂಕೋಲೆಯ ಹಿತ್ತಿಲುಗಳಲ್ಲಿ ಆ ಮರ ಇಂದಿಗೂ ಧಾರಾಳ. ಕರಾವಳಿಯ ಬೋಳು ಗುಡ್ಡಗಳಲ್ಲಿ ಸೌದೆಗೆಂದು ಬೆಳೆಸಿದ ಅಕೇಶಿಯಾವನ್ನು ಯಾರೂ ಗೌರವಿಸುವುದಿಲ್ಲ. ಆದರೆ ಅದರ ದಾಯಾದಿಯಾದ ಹವಾಯಿ ದ್ವೀಪದ ಕೋವಾ ಮರದಿಂದ ಸೊಗಸಾದ ಗಿಟಾರುಗಳಾಗುತ್ತವೆ. ಇಲ್ಲಿಯ ಮರವನ್ನೂ ಕುಶಲಕರ್ಮಿಗಳು ಪರೀಕ್ಷಿಸಿ ನೋಡುವುದರಲ್ಲಿ ನಷ್ಟವೇನೂ ಇಲ್ಲ.

ಕೊಳ್ಳುವವರಿಗೆ ನಾಲ್ಕು ಮಾತು

ಅಂಗಡಿಯಲ್ಲಿ ಇಂಥ ಸಂವಾದ ಸಾಮಾನ್ಯ. ‘ಅಪ್ಪಾ, ಇದರ ದನಿ ಎಷ್ಟು ಚೆಂದ!’ ಎನ್ನುತ್ತಾಳೆ ಮಗಳು. ‘ಚೆಂದವೇನೋ ಹೌದು ಮಗಾ, ಆದರೆ ಬೀಟೆಯಲ್ಲವಂತಲ್ಲ’ ಎನ್ನುತ್ತಾನೆ ತಂದೆ. ಇಲ್ಲಿ ಮಗಳ ಮಾತೇ ಸರಿ. ಅಗ್ಗದ ಗಿಟಾರುಗಳಲ್ಲಿ ‘ಬೀಟೆ’ ಎನ್ನುವುದು ಅನೇಕ ವೇಳೆ ಪ್ಲೈವುಡ್ಡಿನ ಮೇಲೆ ಅಂಟಿಸಿದ ಕಾಗದದಷ್ಟು ತೆಳುವಾದ ಪದರ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ ಕಪ್ಪಗಿರುವುದೆಲ್ಲ ಬೀಟೆಯಲ್ಲ.

ಮೊದಲು ನೋಡಬೇಕಾದದ್ದು ಮೇಲ್ಹಲಗೆ ಇಡಿಯ ಮರದ್ದೋ ಪ್ಲೈವುಡ್ಡಿನದೋ ಎಂಬುದನ್ನು. ದುಂಡು ರಂಧ್ರದ ಅಂಚನ್ನು ಬೆಳಕಿಗೆ ಹಿಡಿದರೆ ಉತ್ತರ ಸಿಗುತ್ತದೆ: ಮೇಲೆ ಕಾಣುವ ಎಳೆಗಳು ಅಂಚಿನಲ್ಲಿಯೂ ಮುಂದುವರಿದಿದ್ದರೆ ಇಡಿಯ ಮರ, ಪದರ ಪದರವಾಗಿದ್ದರೆ ಪ್ಲೈವುಡ್. ಹಣ ಮಿತವಾಗಿದ್ದರೆ ಮೇಲ್ಹಲಗೆ ಇಡಿಯ ಸ್ಪ್ರೂಸಿನದಾಗಿ, ಬೆನ್ನು ಪಕ್ಕಗಳು ಪ್ಲೈವುಡ್ಡಿನವಾಗಿರುವ ವಾದ್ಯವೇ ಬುದ್ಧಿವಂತರ ಆಯ್ಕೆ. ಎರಡನೆಯದಾಗಿ ತಂತಿಗೂ ಹಿಡಿಕೆಗೂ ಇರುವ ಅಂತರ. ಹನ್ನೆರಡನೆಯ ಮೆಟ್ಟಿಲಿನ ಬಳಿ ಅದು ಎರಡೂವರೆ ಮಿಲಿಮೀಟರಿಗಿಂತ ಬಹಳ ಹೆಚ್ಚಿದ್ದರೆ ಎಳೆಯ ಬೆರಳು ನೊಂದು, ಮಗು ತಿಂಗಳೊಳಗೆ ವಾದ್ಯವನ್ನು ಮೂಲೆಗೆ ಸೇರಿಸುವುದು. ಮೂರನೆಯದಾಗಿ ಬಿರಡೆಗಳು ಸಡಿಲವಿರದೆ, ಕೂಡಿಸಿದ ಶ್ರುತಿ ನಿಲ್ಲುವಂತಿರಬೇಕು.

ಕರಾವಳಿಯ ಹವೆಯನ್ನು ಮರೆಯುವಂತಿಲ್ಲ. ಮೃಗಶಿರೆಯಿಂದ ಮಘೆಯ ಮಳೆಯವರೆಗೆ ಕಾರವಾರದಲ್ಲಿ ಹಪ್ಪಳ ಮೆತ್ತಗಾಗುತ್ತದೆ, ಬಾಗಿಲು ಬಿಗಿಯುತ್ತದೆ. ಗಿಟಾರೂ ಮರವೇ ಆದುದರಿಂದ ಉಬ್ಬುತ್ತದೆ. ಸುಮಾರು 45ರಿಂದ 50 ಶೇಕಡಾ ಆರ್ದ್ರತೆಯ ಕೋಣೆಗಳಲ್ಲಿ ತಯಾರಾದ ವಾದ್ಯಕ್ಕೆ ಇಲ್ಲಿಯ ಮಳೆಗಾಲ ದೊಡ್ಡ ಪರೀಕ್ಷೆ. ಮೇಲ್ಹಲಗೆ ಉಬ್ಬಿದರೆ ತಂತಿ ಮೇಲೇಳುವುದು, ದನಿ ಮಂಕಾಗುವುದು. ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುವುದು ಇನ್ನೊಂದು ಕಾಟ. ಬಾರಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸಿ, ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು, ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣಗಳನ್ನು ಜೊತೆಗಿಡಬೇಕು, ಹೊರಗೋಡೆಗೆ ಒರಗಿಸಬಾರದು. ವರ್ಗವಾಗಿ ಉತ್ತರದ ಒಣ ಚಳಿಯ ಊರುಗಳಿಗೆ ಹೋಗುವ ನೌಕಾಪಡೆಯ ಕುಟುಂಬಗಳಿಗೆ ಇದರ ತಿರುವುಮುರುವು: ಅಲ್ಲಿ ಮರ ಒಣಗಿ ಬಿರುಕು ಬಿಡುವ ಭಯ, ಪೆಟ್ಟಿಗೆಯಲ್ಲಿ ಸ್ವಲ್ಪ ತೇವವನ್ನು ಕಾಪಾಡಬೇಕು. ಇಡಿಯ ಮರದ ವಾದ್ಯಕ್ಕೆ ಈ ಆರೈಕೆ ಅಗತ್ಯ. ಪ್ಲೈವುಡ್ಡಿನದು ಇದನ್ನೆಲ್ಲ ಹೆಚ್ಚು ತಾಳಿಕೊಳ್ಳುವುದು.

ಕೊನೆಯ ಪರೀಕ್ಷೆ ಸುಲಭ, ಖರ್ಚಿಲ್ಲದ್ದು. ಅಂಗಡಿಯಲ್ಲಿ ಬಲ್ಲವರೊಬ್ಬರು ಎರಡು ಮೂರು ಗಿಟಾರುಗಳಲ್ಲಿ ಒಂದೇ ಹಾಡನ್ನು ಬಾರಿಸಲಿ. ಕೊಳ್ಳುವವರು ಬೆನ್ನು ತಿರುಗಿಸಿ ನಿಂತು ಕೇಳಲಿ. ಯಾವುದರ ದನಿ ಹಿತವೆನಿಸಿತೋ ಅದು ಅವರ ವಾದ್ಯ. ಹಾಗೆ ಕೇಳಿದ ಮೇಲೂ ಬೀಟೆಯದೇ ಹೆಚ್ಚೆಂದು ತೋರಿದರೆ ಧಾರಾಳವಾಗಿ ಕೊಳ್ಳಲಿ. ಆದರೆ ಮೊಮ್ಮಕ್ಕಳ ಕಾಲದವರೆಗೂ ಅದನ್ನು ಬಾಳಿಸುವ ಸಂಕಲ್ಪದಿಂದ ಕೊಳ್ಳಲಿ. ಮೂರು ತಲೆಮಾರು ಬೆಳೆದ ಮರದ ವಾದ್ಯ ಮೂರು ವರ್ಷಕ್ಕೆ ಅಟ್ಟ ಸೇರಿದರೆ ಆ ಲೆಕ್ಕವನ್ನು ಕಾಡಿಗೆ ಯಾರು ತೀರಿಸಿಯಾರು?